ಜಡ್ಜ್ ಕೆಲಸ ಸೇವೆ ಆಗಲ್ವಾ, ಮೇಷ್ಟ್ರೇ?

ಮೇಷ್ಟ್ರಿಗೆ ನಮಸ್ಕಾರ.

ಕಳೆದ ಸಂಚಿಕೆಯಲ್ಲಿ, ನಾಜಿಗಳ ಆಶ್ವಿಟ್ಜ್ ಸಾವಿನ ಶಿಬಿರದಿಂದ ಬದುಕಿ ಬಂದು ಮುಂದೆ ಅಂತರರಾಷ್ಟ್ರೀಯ ನ್ಯಾಯಾಲಯಗಳಲ್ಲಿ ಜಡ್ಜ್ ಆದ ಥಾಮಸ್ ಬರ್ಗೆಂತಾಲ್ ಬಗ್ಗೆ ಬರೆದದ್ದು ನಿಮಗೆ ಸಿಟ್ಟು ತರಿಸಿದೆ. 'ಹತ್ತನೇ ವಯಸ್ಸಿಗೇ ಆಶ್ವಿಟ್ಜ್ ಕಂಡವನು ಅಂತ ಓದಿ ಕಣ್ಣು ಒದ್ದೆಯಾಯಿತು. ಆದರೆ ಆಮೇಲೆ ಆತ ಮಾಡಿದ್ದು ಜಡ್ಜ್ ಕೆಲಸ. ಸಂಬಳ ಬಂತು, ಗೌರವ ಬಂತು. ಆಸ್ಪತ್ರೆ ಕಟ್ಟಲಿಲ್ಲ, ಅನಾಥಾಲಯ ನಡೆಸಲಿಲ್ಲ. ಇದನ್ನು ಪರರ ಸೇವೆ ಅಂತ ಹೇಗೆ ಬರೆದಿರಿ?' ಅಂತ ಕೇಳಿದ್ದೀರಿ. ಸುಮ್ನೆ ತಳ್ಳಿಹಾಕುವ ಪ್ರಶ್ನೆಯಲ್ಲ.

ಮೊದಲು ಒಂದು ತಂಬಾಕಿನ ಕಥೆ. ಜಾಗ ಸಾಲದೆ ಲೇಖನದಲ್ಲಿ ಬಿಟ್ಟುಹೋಗಿತ್ತು. 1945ರ ಜನವರಿಯಲ್ಲಿ ರಷ್ಯನ್ ಸೇನೆ ಹತ್ತಿರ ಬಂದಾಗ ನಾಜಿಗಳು ಆಶ್ವಿಟ್ಜ್ ಕೈದಿಗಳನ್ನು ಹಿಮದಲ್ಲಿ ನಡೆಸಿ, ಆಮೇಲೆ ತೆರೆದ ರೈಲು ಡಬ್ಬಿಗಳಿಗೆ ತುಂಬಿದರು. ಸಾಕ್ಸೆನ್‌ಹೌಸೆನ್ ಶಿಬಿರ ಮುಟ್ಟುವಷ್ಟರಲ್ಲಿ ಹುಡುಗ ಬರ್ಗೆಂತಾಲ್‌ನ ಕಾಲು ಹೆಪ್ಪುಗಟ್ಟಿತ್ತು, ಎರಡು ಬೆರಳು ಕತ್ತರಿಸಬೇಕಾಯಿತು. ಅಲ್ಲಿ ಕಾಯಿಲೆ ಬಿದ್ದವರ ಪಟ್ಟಿ ಮಾಡುತ್ತಿದ್ದರು. ಪಟ್ಟಿಗೆ ಸೇರಿದವರು ವಾಪಸು ಬರುತ್ತಿರಲಿಲ್ಲ. ಓಡ್ ನಾನ್ಸೆನ್ ಅಂತ ಒಬ್ಬ ನಾರ್ವೆಯ ಕೈದಿ, ತನಗೆ ಬಂದ ತಂಬಾಕನ್ನು ಅಲ್ಲಿನ ಸಹಾಯಕನಿಗೆ ಲಂಚ ಕೊಟ್ಟು ಈ ಹುಡುಗನ ಹೆಸರು ಪಟ್ಟಿಗೆ ಸೇರದಂತೆ ನೋಡಿಕೊಂಡ. ಲಂಚವೇ, ಆದರೆ ನೀವೂ ಬೈಯಲಾರಿರಿ.

ತಂದೆ ಬುಖೆನ್‌ವಾಲ್ಡ್ ಎಂಬ ಇನ್ನೊಂದು ನಾಜಿ ಶಿಬಿರದಲ್ಲಿ ತೀರಿಕೊಂಡರು. ಯುದ್ಧ ಮುಗಿದಾಗ ಹುಡುಗ ಪೋಲೆಂಡಿನ ಅನಾಥಾಲಯಕ್ಕೆ ಸೇರಿದ, ತಾಯಿ ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ ಕೂತು ಮಗನನ್ನು ಹುಡುಕಿಸುತ್ತಿದ್ದರು. ಸಿಕ್ಕಿದ್ದು 1946ರ ಕೊನೆಗೆ, ಆಶ್ವಿಟ್ಜ್‌ನಲ್ಲಿ ಬೇರೆಯಾಗಿ ಎರಡು ವರ್ಷ ದಾಟಿದ ಮೇಲೆ.

ಈಗ ಬರ್ಗೆಂತಾಲ್ ಜಡ್ಜ್ ಆದ ಮೇಲಿನ ಕಥೆಗೆ, ಮಧ್ಯ ಅಮೆರಿಕದ ಹೊಂಡುರಾಸ್‌ಗೆ ಬನ್ನಿ. 1981ರ ಸೆಪ್ಟೆಂಬರ್. ಮಾನ್‌ಫ್ರೆಡೊ ವೆಲಾಸ್ಕೆಸ್ ಎಂಬ ವಿದ್ಯಾರ್ಥಿಯನ್ನು ರಾಜಧಾನಿಯ ನಡುವೆಯೇ, ನಂಬರ್ ಪ್ಲೇಟ್ ಇಲ್ಲದ ಬಿಳಿ ಕಾರಿನಲ್ಲಿ ಬಂದ ಬಂದೂಕುಧಾರಿಗಳು ಎತ್ತಿಕೊಂಡು ಹೋದರು. ಹೆಣ ಸಿಗಲಿಲ್ಲ. ನಮ್ಮ ಹತ್ತಿರ ಅಂಥವರು ಯಾರೂ ಇಲ್ಲ ಅಂದಿತು ಸರ್ಕಾರ. ಕೇಸು ಕೋಸ್ಟರಿಕಾದಲ್ಲಿರುವ, ಅಮೆರಿಕ ಖಂಡಗಳ ದೇಶಗಳ ಮಾನವ ಹಕ್ಕು ನ್ಯಾಯಾಲಯಕ್ಕೆ ಬಂತು. ಬರ್ಗೆಂತಾಲ್ ಅಲ್ಲಿ 1979ರಿಂದ ಜಡ್ಜ್. (ಅವರು ಅಮೆರಿಕದ ಪ್ರಜೆ, ಆದರೆ ಅಮೆರಿಕ ಈ ನ್ಯಾಯಾಲಯಕ್ಕೆ ಆಧಾರವಾದ ಒಪ್ಪಂದವನ್ನು ಇವತ್ತಿಗೂ ಅಂಗೀಕರಿಸಿಲ್ಲ. ಅವರ ಹೆಸರು ಸೂಚಿಸಿದ್ದು ಪುಟ್ಟ ಕೋಸ್ಟರಿಕಾ!) ವಿಚಾರಣೆ ನಡೆಯುತ್ತಿರುವಾಗಲೇ ಸಾಕ್ಷಿ ಹೇಳಿದ್ದ ಒಬ್ಬರನ್ನು, ಸಮನ್ಸ್ ಹೋಗಿದ್ದ ಇನ್ನೊಬ್ಬರನ್ನು ಕೊಂದರು.

1988ರ ಜುಲೈನಲ್ಲಿ ತೀರ್ಪು ಬಂತು. ಆ ದೇಶದಲ್ಲಿ ಜನರನ್ನು ಹೀಗೆ ಮಾಯ ಮಾಡುವುದೇ ರೂಢಿಯಾಗಿತ್ತು ಅಂತ ತೋರಿಸಿ, ಈ ವಿದ್ಯಾರ್ಥಿಯ ಕೇಸೂ ಅದೇ ಥರದ್ದು ಅಂತ ತೋರಿಸಿದರೆ ಸಾಕು, ಸರ್ಕಾರ ಹೊಣೆ. ಪುರಾವೆಯೆಲ್ಲ ತನ್ನ ಕೈಯಲ್ಲಿಟ್ಟುಕೊಂಡು 'ನಿಮ್ಮ ಬಳಿ ಪುರಾವೆ ಎಲ್ಲಿ' ಅಂತ ಕೇಳುವ ಹಾಗಿಲ್ಲ. ಹೋದವನು ಏನಾದ ಅಂತ ಗೊತ್ತಾಗುವ ತನಕ ಹುಡುಕುವ ಕರ್ತವ್ಯವೂ ಮುಗಿಯುವುದಿಲ್ಲ. ಮಗನಿಗಾಗಿ ಅಲೆಯುವ ತಾಯಂದಿರ ಕೈಗೆ ಇಂಥ ಒಂದು ಕಾಗದ ಸಿಗುವುದು ಅನಾಥಾಲಯಕ್ಕಿಂತ ಕಡಿಮೆಯದಾ, ಹೇಳಿ. ಏಳು ಜಡ್ಜ್‌ಗಳು ಸೇರಿ ಬರೆದದ್ದು ಅದು, ಪೂರ್ತಿ ಕೀರ್ತಿ ಇವರೊಬ್ಬರಿಗೇ ಕೊಡುವುದಿಲ್ಲ.

ಹೊಂಡುರಾಸ್ ಪಕ್ಕದ ದೇಶ ಎಲ್ ಸಾಲ್ವಡೋರ್‌ನಲ್ಲಿ ನಿಮ್ಮ ಕೈ ಸ್ವಲ್ಪ ಮೇಲಾಗುತ್ತದೆ. ಅಲ್ಲಿನ ಅಂತರ್ಯುದ್ಧದ ಸತ್ಯ ಹುಡುಕಲು ವಿಶ್ವಸಂಸ್ಥೆಯ ಕಡೆಯಿಂದ ಹೋದ ಮೂವರಲ್ಲಿ ಇವರೂ ಒಬ್ಬರು. ಸೈನ್ಯ ಊರವರನ್ನು ಕೊಂದಿದ್ದ ಎಲ್ ಮೊಸೋಟೆಯಲ್ಲಿ ಚರ್ಚಿನ ಪಕ್ಕದ ಮನೆಯೊಂದರಲ್ಲಿ ಅಗೆದಾಗ 143 ಅಸ್ಥಿಪಂಜರ ಸಿಕ್ಕವು. ಅದರಲ್ಲಿ 131 ಹನ್ನೆರಡು ವರ್ಷದೊಳಗಿನ ಮಕ್ಕಳದು. ವರದಿ 1993ರ ಮಾರ್ಚ್‌ನಲ್ಲಿ ಬಂತು. ಒಂದು ವಾರದೊಳಗೆ ಅಲ್ಲಿನ ಸಂಸತ್ತು ತಪ್ಪಿತಸ್ಥರೆಲ್ಲರಿಗೂ ಕ್ಷಮಾದಾನ ಕೊಟ್ಟುಬಿಟ್ಟಿತು! ಆ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 2016ರಲ್ಲಿ.

ಒಂದು ತಪ್ಪು ಮಾತ್ರ ಒಪ್ಪಿಕೊಳ್ಳುತ್ತೇನೆ. ತಲೆಬರಹದಲ್ಲಿ 'ಸಂತ' ಅಂತ ಹಾಕಿದ್ದು ಜಾಸ್ತಿಯಾಯಿತು. 2004ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಇಸ್ರೇಲ್ ಪ್ಯಾಲೆಸ್ಟೀನ್ ನೆಲದಲ್ಲಿ ಕಟ್ಟುತ್ತಿದ್ದ ಗೋಡೆಯ ವಿಚಾರ ಬಂದಾಗ, ಅದು ಕಾನೂನುಬಾಹಿರ ಅನ್ನುವ ತೀರ್ಮಾನಕ್ಕೆ 15 ಜಡ್ಜ್‌ಗಳಲ್ಲಿ ವಿರುದ್ಧ ಮತ ಹಾಕಿದ್ದು ಇವರೊಬ್ಬರೇ. ತೀರ್ಮಾನಕ್ಕೆ ಬೇಕಾದಷ್ಟು ಮಾಹಿತಿ ನಮ್ಮ ಮುಂದಿಲ್ಲ ಅನ್ನುವುದು ಅವರ ಕಾರಣ. ಅದು ಸರಿಯಾ ತಪ್ಪಾ ಅಂತ ನಮ್ಮ ಕಚೇರಿಯಲ್ಲೇ ಇನ್ನೂ ಜಗಳ ನಡೆಯುತ್ತಿದೆ. ನಿಮ್ಮ ಪಾಲಿನದನ್ನೂ ಬರೆದು ಕಳಿಸಿ.