ಗಿಲಕಿ ಹಾವಿನ ದಾಯಾದಿಗಳು ನಿಮ್ಮ ತೋಟದಲ್ಲೇ ಇದ್ದಾರೆ

ಓದುಗರ ಪತ್ರ: ‘ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಮಗ ಹಾಸನದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾನೆ. ಬಿಡುವು ಸಿಕ್ಕರೆ ಸಾಕು, ಅಮೆರಿಕದ ರ್‍ಯಾಟಲ್ ಹಾವುಗಳ ಬಗ್ಗೆ ಓದುವುದು, ಓದಿದ್ದನ್ನು ಕನ್ನಡದಲ್ಲಿ ಬರೆದಿಡುವುದು, ಶಾಲೆಗಳಿಗೆ ಹೋಗಿ ಮಕ್ಕಳಿಗೆ ಹೇಳುವುದು. ನಮ್ಮ ನೆಲದಲ್ಲೇ ಇಲ್ಲದ ಹಾವಿನ ಗೀಳು ಇವನಿಗೇಕೆ ಎಂದು ಮನೆಯಲ್ಲಿ ಎಲ್ಲರಿಗೂ ಬೇಸರ. ಈಚೆಗೆ ತೋಟದಲ್ಲಿ ಕೆಲಸದವರೊಬ್ಬರಿಗೆ ದರಗಿನೊಳಗೆ ಗರಗರ ಸದ್ದು ಕೇಳಿಸಿತು. ಬಗ್ಗಿ ನೋಡಿದರೆ ಮೊಳದುದ್ದದ ಕಂದು ಹಾವು, ಮೂತಿ ಮೇಲಕ್ಕೆ ಎತ್ತಿಕೊಂಡು ಬಾಲ ಅಲ್ಲಾಡಿಸುತ್ತಿತ್ತಂತೆ. ಅಮೆರಿಕದ ಹಾವು ಇಲ್ಲಿಗೂ ಬಂದಿದೆ ಎಂದು ಲೈನ್ ಮನೆಯವರು ಹೆದರಿದ್ದಾರೆ. ನನ್ನ ಮಗನಿಗೆ ತಾವಾದರೂ ಬುದ್ಧಿ ಹೇಳಿ.’
– ಓದುಗರೊಬ್ಬರು, ಸಕಲೇಶಪುರ ತಾಲ್ಲೂಕು

ಸಂಪಾದಕರ ಉತ್ತರ:

ಅಮ್ಮ, ನಿಮ್ಮ ಕೊನೆಯ ಮಾತನ್ನು ನಡೆಸಿಕೊಡುವುದು ನನ್ನಿಂದಾಗದು. ಮಗನ ಬೆನ್ನಿಗೆ ನಿಂತು ನಿಮ್ಮನ್ನೇ ಒಪ್ಪಿಸಬೇಕೆಂದು ಈ ಉತ್ತರ ಬರೆಯುತ್ತಿದ್ದೇನೆ. ಅದಕ್ಕೂ ಮೊದಲು ಲೈನ್ ಮನೆಯವರ ಹೆದರಿಕೆಯ ವಿಷಯ.

ಗಿಲಕಿ ಹಾವು, ಅಂದರೆ ನಿಮ್ಮ ಮಗ ಹೇಳುವ ರ್‍ಯಾಟಲ್ ಹಾವು, ಕೆನಡಾದ ದಕ್ಷಿಣ ಅಂಚಿನಿಂದ ಅರ್ಜೆಂಟೀನಾದವರೆಗೆ ಹಬ್ಬಿದೆ. ಅಮೆರಿಕ ಖಂಡಗಳನ್ನು ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿ ಅದಿಲ್ಲ. ನಿಮ್ಮ ತೋಟಕ್ಕೂ ಅದು ಬಂದಿಲ್ಲ. ಕೆಲಸದವರು ಹೇಳಿದ ಮೊಳದುದ್ದ, ಕಂದು ಬಣ್ಣ, ಮೇಲೆದ್ದ ಮೂತಿ, ನಡುಗುವ ಬಾಲ, ನಾಲ್ಕೂ ಹೊಂದುವುದು ಪಶ್ಚಿಮ ಘಟ್ಟದ ಉಬ್ಬುಮೂಗಿನ ಗುಳಿಮಂಡಲಕ್ಕೆ. ಕಣ್ಣಾರೆ ಕಾಣದೆ ಖಾತ್ರಿಯಾಗಿ ಹೇಳಬಾರದು, ಆದರೂ ನನ್ನ ಊಹೆ ಅದೇ. ಕೆಣಕಿದರೆ ಅದು ತಲೆ, ಕುತ್ತಿಗೆಗಳನ್ನು ಓರೆಯಾಗಿ ಮೇಲೆತ್ತಿ ಬಾಲವನ್ನು ನಡುಗಿಸುತ್ತದೆ. ಬಾಲದಲ್ಲಿ ಗಿಲಕಿ ಇಲ್ಲ. ಒಣ ದರಗೇ ಗಿಲಕಿಯ ಕೆಲಸ ಮಾಡುತ್ತದೆ. ನಿಮ್ಮ ಕೆಲಸದವರಿಗೆ ಕೇಳಿಸಿದ್ದು ಆ ಸದ್ದೇ ಇರಬೇಕು.

ಅಮೆರಿಕದ ಹಾವು ಎಂದು ಅವರು ಹೆದರಿದ್ದರಲ್ಲಿ ಒಂದು ಎಳೆಯಷ್ಟು ನಿಜವಿದೆ. ಉಬ್ಬುಮೂಗಿನ ಗುಳಿಮಂಡಲ, ಬಿದಿರು ಮೆಳೆಯ ಹಸಿರು ಗುಳಿಮಂಡಲ, ಮಳೆಗಾಲದಲ್ಲಿ ಕಾಫಿ ಗಿಡದ ಮೇಲೂ ಕಾಣಿಸುವ ಮಲಬಾರ್ ಗುಳಿಮಂಡಲ, ಇವೆಲ್ಲವೂ ಗಿಲಕಿ ಹಾವಿನ ದಾಯಾದಿಗಳು. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಇವಕ್ಕೆಲ್ಲ ಒಂದೊಂದು ಗುಳಿ ಇರುತ್ತದೆ. ಗುಳಿಯೊಳಗೆ ತೆಳುವಾದ ಒಂದು ಪೊರೆ ಬಿಗಿದುಕೊಂಡಿರುತ್ತದೆ. ಬಿಸಿರಕ್ತದ ಪ್ರಾಣಿ ಹತ್ತಿರ ಸುಳಿದರೆ ಅದರ ಮೈಶಾಖವನ್ನು ಆ ಪೊರೆ ಗ್ರಹಿಸುತ್ತದೆ. ಕಗ್ಗತ್ತಲಲ್ಲೂ ಹಾವು ಇಲಿಯನ್ನು ಗುರಿ ತಪ್ಪದೆ ಹೊಡೆಯುವುದು ಹೀಗೆ. ಅರಿಜೋನಾದ ಬಂಡೆಯ ಸಂದಿಯಲ್ಲಿರುವ ಹಾವಿಗೂ ಬಿಸಿಲೆ ಘಾಟಿಯ ಕೊಂಬೆಯ ಮೇಲಿರುವ ಹಾವಿಗೂ ಇದೇ ಗುಳಿ, ಇದೇ ಉಪಾಯ. ಒಂದನ್ನು ಚೆನ್ನಾಗಿ ಅರಿತವರಿಗೆ ಇನ್ನೊಂದರ ಅರ್ಧ ಆಗಲೇ ಗೊತ್ತಿರುತ್ತದೆ.

ಆ ಗಿಲಕಿಯಂತೂ ಎಷ್ಟು ನೋಡಿದರೂ ಸಾಲದು. ನಮ್ಮ ಉಗುರು ಯಾವ ವಸ್ತುವಿನಿಂದ ಆಗಿದೆಯೋ ಅದರಿಂದಲೇ ಆದ ಟೊಳ್ಳು ಬಿಲ್ಲೆಗಳು ಒಂದರೊಳಗೊಂದು ಸಡಿಲವಾಗಿ ಸಿಕ್ಕಿಕೊಂಡಿರುತ್ತವೆ. ಒಳಗೆ ಕಾಳೂ ಇಲ್ಲ, ಹರಳೂ ಇಲ್ಲ. ಬಿಲ್ಲೆಗೆ ಬಿಲ್ಲೆ ತಾಗಿಯೇ ಸದ್ದು ಹುಟ್ಟಬೇಕು. ಹುಟ್ಟಿದ ಮರಿಯ ಬಾಲದಲ್ಲಿ ಒಂದು ಗುಂಡಿಯಷ್ಟೇ ಇರುವುದರಿಂದ ಅದು ಸದ್ದು ಮಾಡಲಾರದು. ಒಂದೊಂದು ಸಲ ಪೊರೆ ಬಿಟ್ಟಾಗಲೂ ಒಂದೊಂದು ಬಿಲ್ಲೆ ಕೂಡುತ್ತದೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪೊರೆ ಬಿಡುವುದುಂಟು, ತುದಿಯ ಬಿಲ್ಲೆಗಳು ಮುರಿದು ಬೀಳುವುದೂ ಉಂಟು. ಬಿಲ್ಲೆ ಎಣಿಸಿ ವಯಸ್ಸು ಹೇಳುತ್ತೇನೆ ಎನ್ನುವವರನ್ನು ಅದಕ್ಕೇ ನಂಬಬಾರದು. ಬಾಲದ ಸ್ನಾಯುಗಳು ಸೆಕೆಂಡಿಗೆ 50ಕ್ಕೂ ಹೆಚ್ಚು ಸಲ ಅದನ್ನು ಅಲ್ಲಾಡಿಸುತ್ತವೆ. ಬಾಲ ನಡುಗಿಸುವ ಅಭ್ಯಾಸ ಮೊದಲು ಬಂತು, ಗಿಲಕಿ ಆಮೇಲೆ ಮೂಡಿತು ಎಂಬುದು ಅನೇಕ ವಿಜ್ಞಾನಿಗಳ ಅಭಿಪ್ರಾಯ. ಹಾಗಿದ್ದರೆ ಆ ಕಥೆಯ ಮೊದಲ ಅಧ್ಯಾಯದಂಥದ್ದನ್ನು ನಿಮ್ಮ ತೋಟದ ಕೆಲಸದವರು ಕಣ್ಣೆದುರೇ ಕಂಡಿದ್ದಾರೆ.

ಈಗ ನಿಮ್ಮ ಮುಖ್ಯ ಪ್ರಶ್ನೆ: ಇದರಿಂದ ಏನು ಪ್ರಯೋಜನ?

ಲಾರೆನ್ಸ್ ಕ್ಲಾಬರ್ ಎಂಬವರು ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ವಿದ್ಯುತ್ ಎಂಜಿನಿಯರ್ ಆಗಿದ್ದರು. ಅಲ್ಲಿನ ಗ್ಯಾಸ್ ಮತ್ತು ವಿದ್ಯುತ್ ಕಂಪನಿಯಲ್ಲಿ ದುಡಿದು ಅದರ ಮುಖ್ಯಸ್ಥರೂ ಆದರು. ಹಾವು ಅವರ ಹೊಟ್ಟೆಪಾಡಲ್ಲ, ಹವ್ಯಾಸ. ಸಾವಿರಾರು ಹಾವುಗಳ ಉದ್ದ ಅಳೆದು, ಹುರುಪೆ ಎಣಿಸಿ, ಬರೆದಿಟ್ಟು, 1956ರಲ್ಲಿ ಗಿಲಕಿ ಹಾವುಗಳ ಬಗ್ಗೆ ಎರಡು ದೊಡ್ಡ ಸಂಪುಟಗಳನ್ನು ಹೊರತಂದರು. ಆ ವಿಷಯದಲ್ಲಿ ಇಂದಿಗೂ ಅವು ಆಧಾರಗ್ರಂಥಗಳು. ಜನರ ನಂಬಿಕೆಗಳನ್ನೂ ಅವರು ಬಿಡದೆ ಕೂಡಿಸಿದರು. ಹಾಸಿಗೆಯ ಸುತ್ತ ಕುದುರೆಗೂದಲಿನ ಹಗ್ಗ ಹಾಕಿ ಮಲಗಿದರೆ ಗಿಲಕಿ ಹಾವು ಹತ್ತಿರ ಬಾರದು ಎಂದು ಅಲ್ಲಿನ ದನಗಾಹಿಗಳು ನಂಬಿದ್ದರು. ಪರೀಕ್ಷೆ ಮಾಡಿ ನೋಡಿದರೆ ಹಾವು ಹಗ್ಗವನ್ನು ದಾಟಿಕೊಂಡೇ ಹೋಗುತ್ತದೆ. ನಮ್ಮಲ್ಲಿ ಮನೆಯ ಸುತ್ತ ಬೆಳ್ಳುಳ್ಳಿ ನೀರು ಚಿಮುಕಿಸಿ ನಿಶ್ಚಿಂತೆಯಿಂದ ಮಲಗುವವರಿದ್ದಾರಲ್ಲ, ಅವರಿಗೂ ಹೀಗೆ ಪರೀಕ್ಷಿಸಿ ಹೇಳುವವರು ಬೇಕು.

ಹೀಗೆ ಕೂತು ಬರೆದವರು ಅಲ್ಲಿ ಬಹಳ ಮಂದಿ ಇದ್ದರು. ಯಾವ ಹಾವು ಎಲ್ಲಿದೆ, ಅದರ ವಿಷ ಮೈಗೆ ಏನು ಮಾಡುತ್ತದೆ ಎಂಬುದು ತಿಳಿದಿದ್ದರಿಂದ ತಮ್ಮ ನೆಲದ ಗುಳಿಮಂಡಲಗಳಿಗೆ ತಕ್ಕ ಪ್ರತಿವಿಷವನ್ನೂ ಮಾಡಿಕೊಂಡರು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವರ್ಷಕ್ಕೆ ಏಳೆಂಟು ಸಾವಿರ ಜನರಿಗೆ ವಿಷದ ಹಾವು ಕಚ್ಚುತ್ತದೆ, ಸಾಯುವವರು ಐದು ಮಂದಿಯ ಆಸುಪಾಸು. ಭಾರತದಲ್ಲಿ 2000ದಿಂದ 2019ರವರೆಗೆ ಹಾವಿನ ಕಡಿತದಿಂದ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಈ ಅಂತರಕ್ಕೆ ಆಸ್ಪತ್ರೆಯ ದೂರ, ಬರಿಗಾಲಿನ ದುಡಿಮೆ, ಬಡತನ ಎಲ್ಲವೂ ಕಾರಣ. ನಮ್ಮ ಹಾವುಗಳನ್ನು ನಾವು ಅರಿಯದಿರುವುದೂ ಒಂದು ಕಾರಣ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ನಿಮ್ಮ ತೋಟಕ್ಕೇ ಬನ್ನಿ. ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ. ಉಬ್ಬುಮೂಗಿನ ಗುಳಿಮಂಡಲ ಆ ನಾಲ್ಕರಲ್ಲಿಲ್ಲ. ಅದರ ಕಡಿತಕ್ಕೆ ಈ ಔಷಧ ನಾಟುವುದಿಲ್ಲ. ಮೊಳದುದ್ದದ ಹಾವು ಎಂದು ಉದಾಸೀನ ಮಾಡುವಂತಿಲ್ಲ. ಕಚ್ಚಿಸಿಕೊಂಡವರಲ್ಲಿ ಕೆಲವರಿಗೆ ರಕ್ತ ಹೆಪ್ಪುಗಟ್ಟದೆ ಹೋಗಿ, ಮೂತ್ರಪಿಂಡ ಕೆಟ್ಟದ್ದನ್ನು ಕೇರಳದ ವೈದ್ಯರು ದಾಖಲಿಸಿದ್ದಾರೆ. ವೈದ್ಯರು ಇಂಥ ಹೊತ್ತಿನಲ್ಲಿ ಒಂದು ಸರಳ ಪರೀಕ್ಷೆ ಮಾಡುತ್ತಾರೆ. ಒಣಗಿದ, ಶುಭ್ರವಾದ ಗಾಜಿನ ಕೊಳವೆಯಲ್ಲಿ ಎರಡು ಮಿಲಿಲೀಟರ್ ರಕ್ತ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ಓರೆ ಮಾಡಿ ನೋಡುತ್ತಾರೆ. ನೀರಿನಂತೆ ಹರಿದರೆ ವಿಷ ರಕ್ತವನ್ನು ಕೆಡಿಸಿದೆ ಎಂದು ಅರ್ಥ. ಕೆಡಿಸಿದ್ದು ಕೊಳಕುಮಂಡಲವೋ ಗುಳಿಮಂಡಲವೋ ಎಂಬುದನ್ನು ಆ ಕೊಳವೆ ಹೇಳುವುದಿಲ್ಲ. ನಮ್ಮ ಭಾಗದ ತೋಟಗಳಲ್ಲಿ ಯಾವ ತಿಂಗಳು, ಯಾವ ಎತ್ತರದಲ್ಲಿ, ಯಾವ ಹಾವು ಇರುತ್ತದೆ ಎಂದು ಬಲ್ಲವರು ಊರಿಗೊಬ್ಬರಿದ್ದರೆ ವೈದ್ಯರ ಕೆಲಸ ಎಷ್ಟೋ ಹಗುರವಾಗುತ್ತದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವಿನ ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ವಿಧಿಸಿದ ಮೇಲಂತೂ ಇಂಥ ತಿಳಿವಳಿಕೆಗೆ ಬೆಲೆ ಹೆಚ್ಚಿದೆ. ನಿಮ್ಮ ಮಗ ದಂಡದ ಕೆಲಸ ಮಾಡುತ್ತಿಲ್ಲ, ಅಮ್ಮ. ನಮ್ಮ ಮಲೆನಾಡಿಗೆ ಬೇಕಾದ ಕೆಲಸಕ್ಕೆ ಕೈ ಪಳಗಿಸಿಕೊಳ್ಳುತ್ತಿದ್ದಾರೆ.

ಕೆಲಸದವರಿಗೆ ನೀವು ಇಂದೇ ಹೇಳಬೇಕಾದ ಮಾತುಗಳೂ ಇವೆ. ದರಗಿಗೆ ಬರಿಗೈ ಹಾಕುವ ಮೊದಲು ಕೋಲಿನಿಂದ ಕೆದಕಲಿ. ಗಂಬೂಟ್ ಕೊಡಿಸಿ, ಅದರಲ್ಲಿ ಜಿಪುಣತನ ಬೇಡ. ಹಸಿರು ಗುಳಿಮಂಡಲ ನೆಲದಲ್ಲಷ್ಟೇ ಅಲ್ಲ, ಕೈ ಎಟುಕುವ ಕೊಂಬೆಯ ಮೇಲೂ ಇರುತ್ತದೆ. ಚಿಗುರು ತೆಗೆಯುವಾಗ, ಮೆಣಸು ಬಿಡಿಸುವಾಗ ಕೊಂಬೆಯನ್ನು ನೋಡಿಕೊಂಡು ಹಿಡಿಯಲಿ. ಕಚ್ಚಿದರೆ ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಕೂಡದು. ಉಂಗುರ, ಬಳೆ ಬಿಚ್ಚಿಸಿ, ಕಚ್ಚಿದ ಕೈಕಾಲು ಅಲುಗಾಡದಂತೆ ನೋಡಿಕೊಂಡು, ನಾಟಿ ಮದ್ದಿಗೆ ಅಲೆಯದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ. ಯಾವ ಹಾವು ಎಂದು ಗೊತ್ತಾಗದಿದ್ದರೂ ಹೊರಡಿ. ಹಾವನ್ನು ಹೊಡೆದು ತರಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುವುದು ಬೇಡ.

ಇನ್ನು ನಿಮ್ಮ ಮಗನಿಗೆ ನನ್ನದೊಂದು ಬೇಡಿಕೆ. ಗಿಲಕಿ ಹಾವಿನ ಬಗ್ಗೆ ಬರೆಯುವುದನ್ನು ಅವರು ಬಿಡಬಾರದು. ಅದರ ಜೊತೆಗೆ ಮಲೆನಾಡಿನ ಗುಳಿಮಂಡಲಗಳಿಗೊಂದು ಬೇರೆ ಪುಸ್ತಕ ತೆರೆಯಲಿ. ಮಲಬಾರ್ ಗುಳಿಮಂಡಲ ಒಂದೇ ಜಾತಿಯಾದರೂ ಹಸಿರು, ಹಳದಿ, ಕಂದು ಎಂದು ಹಲವು ಬಣ್ಣಗಳಲ್ಲಿ ಸಿಗುತ್ತದೆ. ಯಾವ ಬಣ್ಣದ್ದು ಎಲ್ಲಿ ಕಂಡಿತು, ಮಳೆ ಬಂದಿತ್ತೇ, ನೆಲದಿಂದ ಎಷ್ಟು ಎತ್ತರದಲ್ಲಿತ್ತು ಎಂದು ಬರೆದಿಡಲಿ. ದೂರದಿಂದ ಚಿತ್ರ ತೆಗೆಯಲಿ. ಹಾವು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಎಂಬುದು ಅವರಿಗೂ ಗೊತ್ತಿರುತ್ತದೆ.

ಅವರ ಬರಹವನ್ನು ನಮ್ಮ ಪತ್ರಿಕೆಯಲ್ಲಿ ಕಂತುಗಳಾಗಿ ಪ್ರಕಟಿಸಲು ಸಿದ್ಧನಿದ್ದೇನೆ. ಕೈಯಲ್ಲಿ ಹಾವು ಹಿಡಿದು ನಿಂತ ಚಿತ್ರಗಳನ್ನು ಮಾತ್ರ ನಾವು ಹಾಕುವುದಿಲ್ಲ. ಮೊದಲ ಕಂತಿಗೆ ಅವರು ಮುಂದಿನ ಭಾನುವಾರ ಊರಿಗೆ ಬಂದು, ದರಗಿನಲ್ಲಿ ಸದ್ದು ಕೇಳಿದವರ ಎದುರು ಕೂತು, ಅವರು ಕಂಡದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಲಿ. ಬರಹದಲ್ಲಿ ಆ ಕೆಲಸದವರ ಹೆಸರನ್ನೂ, ಅವರು ಒಪ್ಪಿದರೆ, ಸೇರಿಸೋಣ.