ಅಂಬರ್ ಸರ: ಗೈಡ್ ತೋರಿಸಿದ ಅಂಗಡಿಯಲ್ಲೇ ಕೊಳ್ಳಬೇಕೇ?
ಬಾಲ್ಟಿಕ್ ದೇಶಗಳ ರಾಜಧಾನಿಗಳಾದ ವಿಲ್ನಿಯಸ್ (ಲಿಥುವೇನಿಯಾ), ರಿಗಾ (ಲಾಟ್ವಿಯಾ), ಟ್ಯಾಲಿನ್ (ಎಸ್ಟೋನಿಯಾ) ಮೂರೂ ಊರಿನ ಟೂರ್, ಅತ್ತೆಯವರಿಗೆ ಅಂಬರ್ ಸರ ಎಲ್ಲಿ ತಗೊಳ್ಳೋದು ಅಂತ ಕೇಳಿದ್ದೀರಿ. ಗೈಡ್ ಕರೆದೊಯ್ಯುವ ಮೊದಲ ಅಂಗಡಿಯಲ್ಲಿ ಬೆಲೆ ಮಾತ್ರ ಕೇಳಿಕೊಳ್ಳಿ, ದುಡ್ಡು ಬಿಚ್ಚಬೇಡಿ. ನಾನು ಅಲ್ಲೇ ಕೊಂಡು, ಎರಡು ಬೀದಿ ಆಚೆ ಅಂಥದ್ದೇ ಸರ ಕಡಿಮೆಗೆ ಕಂಡು ಹೊಟ್ಟೆ ಉರಿಸಿಕೊಂಡೆ.

ಅಂಬರ್ ಕಲ್ಲಲ್ಲ, ಕೋಟ್ಯಂತರ ವರ್ಷ ಹಳೆಯ ಮರದ ಅಂಟು. ಹಾಗಾಗಿ ಕೈಗೆ ಹಗುರ, ಗಾಜಿನಂತೆ ತಣ್ಣಗಿರುವುದಿಲ್ಲ. ಗಟ್ಟಿ ಉಪ್ಪುನೀರಲ್ಲಿ ಅಂಬರ್‌ನ ಒಂಟಿ ಮಣಿ ತೇಲುತ್ತದೆ, ಗಾಜು ಮುಳುಗುತ್ತದೆ. ಕೆಲವು ಪ್ಲಾಸ್ಟಿಕ್ಕೂ ತೇಲುವುದರಿಂದ ಇದೊಂದನ್ನೇ ನಂಬಬೇಡಿ. ಚೂರುಗಳನ್ನು ಕಾಯಿಸಿ ಒತ್ತಿ ಮಾಡಿದ ಅಂಬರ್ ಅಗ್ಗ. ಇಡೀ ತುಂಡೋ ಒತ್ತಿದ್ದೋ ಅಂತ ಬಿಲ್ಲಲ್ಲೇ ಬರೆಸಿಕೊಳ್ಳಿ. ಒಳಗೆ ಕೀಟ ಇರುವ ತುಂಡನ್ನು ಅಗ್ಗಕ್ಕೆ ಕೊಟ್ಟರೆ ಇನ್ನೂ ಅನುಮಾನಪಡಿ.

ರಿಗಾದಲ್ಲಿ ಬಿಡುವು ಸಿಕ್ಕರೆ ಸೆಂಟ್ರಲ್ ಮಾರ್ಕೆಟ್ ತಪ್ಪಿಸಬೇಡಿ. ಜೆಪ್ಪೆಲಿನ್ ಎಂಬ ದೈತ್ಯ ವಾಯುನೌಕೆಗಳನ್ನು ನಿಲ್ಲಿಸುತ್ತಿದ್ದ ಹಳೆಯ ಹ್ಯಾಂಗರ್‌ಗಳನ್ನು ಬಳಸಿ ಕಟ್ಟಿ 1930ರಲ್ಲಿ ತೆರೆದದ್ದು. ಜೇನು ಅಲ್ಲೇ ಕೊಳ್ಳಿ, ಆದರೆ ಚೆಕ್-ಇನ್ ಬ್ಯಾಗಲ್ಲಿಡಿ. ಟ್ಯಾಲಿನ್‌ನಲ್ಲಿ ಟೌನ್ ಹಾಲ್ ಚೌಕದ ಔಷಧಿ ಅಂಗಡಿಯ ದಾಖಲೆ 1422ರಿಂದಲೇ ಸಿಗುತ್ತದೆ, ಒಳಗೆ ಹೋಗಿ ನೋಡಿ. ಮಾರ್ಜಿಪಾನ್ ಅಲ್ಲಿನ ವಿಶೇಷ, ಬಾದಾಮಿ-ಸಕ್ಕರೆಯದು. ಶುದ್ಧ ಸಸ್ಯಾಹಾರಿಗಳಾದರೆ ಮೊಟ್ಟೆ ಬಿಳಿ ಹಾಕಿದ್ದಾರಾ ಅಂತ ಲೇಬಲ್ ನೋಡಿಕೊಳ್ಳಿ.