ಉ: 'ನಿರೀಕ್ಷೆ ಮೀರಿದ ಲಾಭ' ಅಂದರೂ ಅಂದಾಜು ಯಾಕೆ ಇಳಿದಿತ್ತು?

ನೀವು ಹೇಳಿದ ಕಂಪನಿಯ ಗಳಿಕೆ ಎಷ್ಟಾಗಬಹುದು ಎಂಬ ಷೇರು ವಿಶ್ಲೇಷಕರ ಅಂದಾಜು 100ರಿಂದ 80ಕ್ಕೆ ಇಳಿಯಿತು, ಬಂದದ್ದು 82, ಅದಕ್ಕೇ 'ನಿರೀಕ್ಷೆ ಮೀರಿದ ಲಾಭ' ಅಂದರು. ಇಳಿಕೆಯ ಹಿಂದೆ ಬಹುಶಃ ಎರಡು ಸೇರಿವೆ: ಶುರುವಿನಲ್ಲಿ ಅತಿಯಾದ ಆಶಾವಾದ, ಆಮೇಲೆ ಹಳೆಯ ಅಂಕಿಗೇ ಅಂಟಿಕೊಳ್ಳುವ ಗುಣ (ಆಂಕರಿಂಗ್). ಕೆಟ್ಟ ಸುದ್ದಿ ಬಂದರೂ ವಿಶ್ಲೇಷಕರು ಒಂದೇ ಏಟಿಗೆ 80 ಅನ್ನುವುದಿಲ್ಲ. 95, 90 ಅಂತ ಚೂರುಚೂರೇ ಇಳಿಸುತ್ತಾರೆ.

ಇಂಥ ಅಂದಾಜುಗಳನ್ನು ಬಳಸುವಾಗ ಮೊದಲು ಕೊನೆಯ ಅಂದಾಜನ್ನು ಬದಿಗಿಡಿ. ಕಳೆದ ಐದಾರು ವರ್ಷಗಳ ಆರಂಭದ ಅಂದಾಜು ಮತ್ತು ನಿಜವಾದ ಗಳಿಕೆಯನ್ನು ಅಕ್ಕಪಕ್ಕ ಬರೆಯಿರಿ. ಆಗ ಈ ವರ್ಷದ್ದು 2ರ ಗೆಲುವಲ್ಲ, 18ರ ಕೊರತೆ ಅಲ್ವಾ?

ಆಮೇಲೆ ವಿಶ್ಲೇಷಕರೆಲ್ಲರ ಅಂದಾಜಿನ ಸರಾಸರಿಯಿಂದ ತಿಂಗಳುಗಟ್ಟಲೆ ಬದಲಾಗದೆ ಸುಮ್ನೆ ಬಿದ್ದಿರುವ ಅಂದಾಜುಗಳನ್ನು ತೆಗೆಯಿರಿ.

ಕೊನೆಗೆ, ಉಳಿದ ವಿಶ್ಲೇಷಕರು ಹೇಳುವ ಬೆಳವಣಿಗೆಯನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಿ. ಅರ್ಥಶಾಸ್ತ್ರಜ್ಞರಾದ ಡಿ ಬಾಂಡ್ಟ್ ಮತ್ತು ಥೇಲರ್ 1990ರ ಲೇಖನದಲ್ಲಿ ಅಮೆರಿಕದ ವಿಶ್ಲೇಷಕರ ಗಳಿಕೆ ಅಂದಾಜುಗಳನ್ನು ಪರೀಕ್ಷಿಸಿದ್ದರು. ಒಂದು ವರ್ಷಕ್ಕೆ ಹೇಳಿದ ಬದಲಾವಣೆಯಲ್ಲಿ ಸರಾಸರಿ ಸುಮಾರು 65% ಮಾತ್ರ ನಿಜವಾಗಿತ್ತು. ನಿಮ್ಮ ಕಂಪನಿಗೂ ಅದೇ ಅನುಪಾತ ಹೊಂದುತ್ತದೆ ಎನ್ನಲಾರೆ, ನೀವು ಬರೆದ ಪಟ್ಟಿಯಲ್ಲಿ ಬಂದ ಅನುಪಾತವನ್ನೇ ಬಳಸಿ.

ಅಂದಾಜು ಹೀಗೆ ಇಳಿಯುವುದು ಬರೀ ಮನಸ್ಸಿನ ಎಡವಟ್ಟೋ, ಕಂಪನಿಯವರನ್ನು ಚೆನ್ನಾಗಿಟ್ಟುಕೊಳ್ಳುವ ಲೆಕ್ಕಾಚಾರವೋ ಅಂಕಿಗಳಿಂದಷ್ಟೇ ಗೊತ್ತಾಗುವುದಿಲ್ಲ. ಪ್ರತಿ ಸಲವೂ ಇಳಿಕೆ ಫಲಿತಾಂಶಕ್ಕೆ ಸ್ವಲ್ಪ ಮುಂಚೆಯೇ ಆಗಿದ್ದರೆ ನನಗೆ ಎರಡನೆಯದರ ಮೇಲೇ ಜಾಸ್ತಿ ಅನುಮಾನ.